ಬಾಣಂತಿ ಬೆಲ್ಟಿನ ಜೇಬು

ನನ್ನ ಗಂಡ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಜಾಗಿಂಗ್ ಹೋಗುತ್ತಿದ್ದರು ಎಂದರೆ ಆಫೀಸಿನವರು ಮೊದಲು ನಗುತ್ತಾರೆ. ನಾನು ನಗದೆ ಇರುವುದನ್ನು ಕಂಡು ಕಾಫಿ ಕಪ್ಪು ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಇದು ಮೆಲ್ಬರ್ನ್, ಇಲ್ಲಿ ಅಂಥ ಮಾತನ್ನು ಊಟದ ಹೊತ್ತಿನಲ್ಲಿ ಆಡಬಾರದು ಎಂದು ನನಗೂ ಗೊತ್ತು. ಆದರೂ ಈಚೆಗೆ ಬಾಯಿಗೆ ಬಂದುಬಿಡುತ್ತದೆ.

ಅದು ಮೈಸೂರಿನ ಕಾಲದ ಮಾತು. ಇವರು ಕೊಡವರು, ಸೈನ್ಯದಿಂದ ಬೇಗ ನಿವೃತ್ತಿ ಪಡೆದು ಬಂದವರು. ನಾನು ಧಾರವಾಡದವಳು, ಕಂಪ್ಯೂಟರ್ ಕೆಲಸದವಳು. ಮದುವೆಗೆ ಮುಂಚೆ ನಾನು ಬಂದೂಕು ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರನ ತೊಡೆಯ ಮೇಲೆ ಮಾತ್ರ. ಇವರ ಮನೆಯಲ್ಲಿ ಅದು ದೇವರ ಪಕ್ಕದಲ್ಲೇ ಇರುತ್ತಿತ್ತು. ಗಂಡು ಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ನಮಗೆ ಮಗಳು ಹುಟ್ಟಿದಾಗ ಇವರು ಅಣ್ಣನ ಮನೆಯ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸಿದರು. ಭಾವನವರು ಎರಡು ದಿನ ಮಾತು ಬಿಟ್ಟಿದ್ದರಂತೆ. ಸಿಸೇರಿಯನ್ ಆಗಿ ನಾನು ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿಕೊಂಡು ಮಲಗಿದ್ದೆ, ಸದ್ದು ನನಗೆ ಕೇಳಲಿಲ್ಲ.

ಬೀಟೆ ಮರ ಕದ್ದು ಸಾಗಿಸುತ್ತಿದ್ದ ಲಾರಿಯೊಂದನ್ನು ಇವರು ಕಣ್ಣಾರೆ ನೋಡಿದ್ದರು. ಅದರಿಂದ ಯಾರು ಇಳಿದರು ಎಂದು ಕೋರ್ಟಿನಲ್ಲಿ ಬೆರಳು ಮಾಡಿ ತೋರಿಸಿದರು. ಆಮೇಲೆ ಮನೆಗೆ ಫೋನು ಬರತೊಡಗಿತು. ದನಿ ಬಹಳ ಮರ್ಯಾದೆಯದು. ‘ಬೆಳಿಗ್ಗೆ ಕೆರೆ ಏರಿ ಮೇಲೆ ಓಡ್ತೀರಲ್ಲ ಸಾರ್, ಸ್ವಲ್ಪ ಹುಷಾರು.’ ಬೇರೆಯವರಾಗಿದ್ದರೆ ಓಡುವುದನ್ನು ಬಿಡುತ್ತಿದ್ದರು. ಇವರು ಲೈಸೆನ್ಸ್ ಇದ್ದ ಪಿಸ್ತೂಲನ್ನು ಹೇಗೆ ಜೊತೆಗೆ ಒಯ್ಯುವುದು ಎಂದು ಯೋಚಿಸುತ್ತ ಕೂತರು.

ಅದು ಸುಲಭವಲ್ಲ ಎಂದು ನನಗೆ ಆಗ ತಿಳಿಯಿತು. ಓಡುವ ಚಡ್ಡಿಗೆ ಗಟ್ಟಿ ಬೆಲ್ಟು ಇರುವುದಿಲ್ಲ. ಚೀಲದಲ್ಲಿ ಹಾಕಿಕೊಂಡರೆ ಬೆನ್ನಿಗೆ ಬಡಿಯುತ್ತದೆ. ಸೊಂಟಕ್ಕೆ ಸಿಕ್ಕಿಸಿದರೆ ಎರಡು ಹೆಜ್ಜೆಗೇ ಜಾರುತ್ತದೆ. ಹಾಲ್‌ನಲ್ಲಿ ಖಾಲಿ ಪಿಸ್ತೂಲು ಕಟ್ಟಿಕೊಂಡು ಇವರು ನಿಂತಲ್ಲೇ ಕುಣಿಯುವುದನ್ನು ನೋಡಿ ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

‘ಏನ್ರೀ ಇದು, ಓಡಾಕ ಹೊಂಟೀರೋ ಯುದ್ಧಕ್ಕ ಹೊಂಟೀರೋ?’

‘ನಗಬೇಡ ಮಾರಾಯ್ತಿ. ಇದು ಕುಣಿತದೆ, ಅದೇ ತೊಂದರೆ.’

ಕೊನೆಗೆ ಉಪಾಯ ಹೊಳೆದದ್ದು ನನಗೆ. ಬೀರುವಿನ ತಳದಲ್ಲಿ ನನ್ನ ಬಾಣಂತಿ ಬೆಲ್ಟು ಬಿದ್ದಿತ್ತು. ಅಗಲವಾದ ಎಲಾಸ್ಟಿಕ್ಕು, ಮೈಗೆ ಅಂಟಿಕೊಂಡು ಕೂರುವಂಥದು. ಅದರ ಬಲಗಡೆಗೆ ಒಂದು ಜೇಬು ಹೊಲಿದೆ. ಒಳಗೆ, ಕುದುರೆಗೆ ಏನೂ ತಾಗದಂತೆ ಹಳೆಯ ಸೂಟ್‌ಕೇಸಿನ ಗಟ್ಟಿ ಚರ್ಮ ಕತ್ತರಿಸಿ ಕೂರಿಸಿದೆ. ಕುದುರೆ ಎಂದರೆ ಬೆರಳಿಟ್ಟು ಎಳೆಯುವ ಕೊಕ್ಕೆ. ಇವರು ಪಕ್ಕದಲ್ಲಿ ಕೂತು ಪಾಠ ಮಾಡುತ್ತಿದ್ದರು. ಕುದುರೆಯ ಮೇಲೆ ಬಟ್ಟೆಯ ನೆರಿಗೆ ಕೂಡ ಒತ್ತಬಾರದು. ಮೈ ಬೆವರು ಕಬ್ಬಿಣಕ್ಕೆ ತಾಗಬಾರದು. ಮೇಲಿನ ಟೀ ಶರ್ಟು ಒಂದು ಅಳತೆ ದೊಡ್ಡದಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಅಲ್ಲೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಬಾರದು, ಮುಟ್ಟಿದರೆ ಎದುರಿಗಿದ್ದವನಿಗೆ ಗೊತ್ತಾಗುತ್ತದೆ. ಪೊಲೀಸರು ತಡೆದರೆ ಎರಡೂ ಕೈ ಮೇಲೆತ್ತಿ ಮೊದಲ ಮಾತಿನಲ್ಲೇ ನಿಜ ಹೇಳಬೇಕು. ನನಗೆ ಇದೆಲ್ಲ ಯಾಕೆ ಬೇಕಿತ್ತೋ, ಆದರೂ ಕೇಳಿಸಿಕೊಂಡೆ, ಮಗಳಿಗೆ ಉಪ್ಪಿಟ್ಟು ತಿನ್ನಿಸುತ್ತ ಕೇಳಿಸಿಕೊಂಡೆ.

ಅಷ್ಟು ವರ್ಷಗಳಲ್ಲಿ ಇವರು ಅದನ್ನು ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಆದರೆ ನಾನು ದಿನವೂ ಗೇಟಿನ ಸದ್ದಿಗೆ ಕಿವಿಯಿಟ್ಟು ಒಲೆಯ ಮೇಲಿನ ಹಾಲು ಉಕ್ಕಿಸಿಬಿಡುತ್ತಿದ್ದೆ. ನನ್ನ ಕಂಪನಿ ನನಗೆ ಸಿಡ್ನಿಯಲ್ಲಿ ಕೆಲಸ ಕೊಡುತ್ತೇವೆ ಎಂದಾಗ ನಾನು ಸಂಬಳ ಎಷ್ಟು ಎಂದೂ ಸರಿಯಾಗಿ ಕೇಳಲಿಲ್ಲ. ಇವರು ಪಿಸ್ತೂಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ವಾಪಸು ಬರುವಾಗ ಕಾರಿನಲ್ಲಿ ಒಂದು ಮಾತು ಹೇಳಿದರು.

‘ಅದಿಲ್ಲದೆ ಬದುಕ್ತೇನೆ, ಅದಕ್ಕೇನೂ ತೊಂದರೆ ಇಲ್ಲ. ಅಲ್ಲಿ ಸತ್ತರೆ ಎರಡು ಗುಂಡು ಯಾರು ಹಾರಿಸ್ತಾರೆ?’

‘ಸಾಯೂ ಮಾತು ಈಗ್ಯಾಕ್ರಿ?’ ಎಂದೆ.

‘ಗುಂಡು ಸತ್ತವನಿಗೆ ಅಲ್ಲ. ನೆಂಟರಿಗೂ ಅಲ್ಲ, ನೆಂಟರಿಗೆ ಫೋನು ಬರ್ತದೆ. ಆಚೆ ಗುಡ್ಡದಲ್ಲಿ ಒಬ್ಬ ಇರ್ತಾನೆ, ಅವನಿಗೆ ನನ್ನ ಮುಖ ಮಾತ್ರ ಗೊತ್ತು. ಸದ್ದು ಕೇಳಿ ಅವನೂ ಕತ್ತಿ ಕೆಳಗಿಟ್ಟು ಬರಬೇಕು. ಅದಕ್ಕೆ ಗುಂಡು.’

‘ಆಗ್ತದ್ರೀ, ನಾ ನೋಡ್ಕೋತೀನಿ’ ಎಂದು ನಾನು ಮಾತು ಮುಗಿಸಲು ಹೇಳಿದೆ. ಹಾಗೆ ಸುಮ್ಮನೆ ಹೇಳಿದ ಮಾತು ನನ್ನ ಕುತ್ತಿಗೆಗೆ ಸುತ್ತಿಕೊಂಡಿತು.

ಸಿಡ್ನಿಯಲ್ಲಿ ಮ್ಯಾಕ್ವೆರಿ ಪಾರ್ಕಿನ ಹತ್ತಿರ ಒಂದು ಯೂನಿಟ್, ಅಂದರೆ ಫ್ಲ್ಯಾಟು, ಬಾಡಿಗೆಗೆ ಹಿಡಿದೆವು. ನಾನು ನಡೆದೇ ಆಫೀಸಿಗೆ ಹೋಗುತ್ತಿದ್ದೆ. ಇವರಿಗೆ ಶಾಪಿಂಗ್ ಸೆಂಟರೊಂದರಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಕೈಗೆ ಒಂದು ವಾಕಿಟಾಕಿ, ಒಂದು ಟಾರ್ಚು ಕೊಟ್ಟರು. ಕಳೆದುಹೋದ ಮಕ್ಕಳನ್ನು ತಾಯಂದಿರಿಗೆ ಒಪ್ಪಿಸುವುದೇ ದೊಡ್ಡ ಕಾರ್ಯಾಚರಣೆ. ಇವರಿಗೆ ಬೇಸರವಿರಲಿಲ್ಲ, ಆದರೆ ಓಟ ಕೆಟ್ಟಿತು. ಬಲಗೈ ಬೀಸುತ್ತಲೇ ಇರಲಿಲ್ಲ, ಸೊಂಟದಲ್ಲಿ ಇಲ್ಲದ ತೂಕಕ್ಕೆ ಜಾಗ ಬಿಟ್ಟು ಓಡುತ್ತಿದ್ದರು. ಒಂದು ದಿನ ನೋಡಿದರೆ ಖಾಲಿ ಬಾಣಂತಿ ಬೆಲ್ಟನ್ನೇ ಕಟ್ಟಿಕೊಂಡು ಹೊರಟಿದ್ದಾರೆ.

‘ಒಳಗ ಏನೈತ್ರೀ?’

‘ಮನೆ ಬೀಗದ ಕೈ’ ಎಂದರು, ಗಂಭೀರವಾಗಿ.

ಕೊಡವರಿಗೆ ಕೈಲ್‌ಪೊಳ್ದು ಎಂದರೆ ಆಯುಧ ಪೂಜೆಯ ಹಬ್ಬ. ಬಂದೂಕಿನ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ಬಣ್ಣದ ಆ ಹೂವಿಗೆ ಬಂದೂಕಿನ ಹೂ ಎಂದೇ ಹೆಸರು. ನಮ್ಮ ಯೂನಿಟ್ಟಿನಲ್ಲಿ ಅಡಿಗೆಮನೆಯ ಚಾಕು, ಇವರ ಹಾಕಿ ಸ್ಟಿಕ್ಕು, ಮಗಳು ತಂದಿಟ್ಟ ಕಿತ್ತಳೆ ಬಣ್ಣದ ನೀರಿನ ಪಿಸ್ತೂಲು ಇಷ್ಟು ಪೂಜೆಗಿದ್ದವು. ಇವರು ಬೆಲ್ಟನ್ನು ಮಡಿಸಿ ಪಕ್ಕದಲ್ಲಿಟ್ಟು ಅದಕ್ಕೂ ಗಂಧ ಹಚ್ಚಿದರು. ‘ಅಯ್ಯ, ಅದು ಬಾಣಂತಿ ಬೆಲ್ಟ್ ರೀ’ ಎಂದು ನಾನು ನಕ್ಕೆ. ‘ಅದೂ ಯುದ್ಧ ನೋಡಿದೆ’ ಎಂದರು. ಆ ಸಂಜೆ ನಾವು ಮೂವರೂ ಬಾಲ್ಕನಿಯಲ್ಲಿ ಕೂತು ಕಡುಬು ತಿಂದೆವು, ನನ್ನ ಬದುಕಿನ ಒಳ್ಳೆಯ ಸಂಜೆಗಳಲ್ಲಿ ಅದೂ ಒಂದು.

ವರ್ಷಗಳು ಹೋದವು. ಪಿಆರ್, ಅಂದರೆ ಈ ದೇಶದಲ್ಲೇ ನೆಲೆಸುವ ಪರವಾನಗಿ, ಬಂತು. ಮಗಳು ಯೂನಿವರ್ಸಿಟಿಗೆ ಸೇರಿ ಸಿಡ್ನಿಯಲ್ಲೇ ಉಳಿದಳು. ನನಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ, ನಾವಿಬ್ಬರು ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿದೆವು. ಇವರು ಪಾರ್ಕಿನ ಸುತ್ತ ಓಡುವುದನ್ನು ಶುರು ಮಾಡಿದರು. ಅಲ್ಲಿ ಬೆಳಿಗ್ಗೆ ಒಬ್ಬ ಚೀನೀ ಮುದುಕ ಹಿಮ್ಮುಖವಾಗಿ ನಡೆಯುತ್ತ ಪಟ್ ಪಟ್ ಎಂದು ಚಪ್ಪಾಳೆ ತಟ್ಟುತ್ತಿದ್ದ, ಅದು ಅವನ ವ್ಯಾಯಾಮ. ಮೊದಲ ದಿನ ಆ ಸದ್ದಿಗೆ ಇವರ ಕೈ ತಟ್ಟನೆ ಬಲ ಸೊಂಟಕ್ಕೆ ಹೋಯಿತು. ಮುದುಕ ಅದನ್ನು ಕಂಡು ತಾನೂ ಸೊಂಟಕ್ಕೆ ಕೈಯಿಟ್ಟು ಹಲ್ಲು ಬಿಟ್ಟ. ಅಂದಿನಿಂದ ಅದೇ ಅವರ ನಮಸ್ಕಾರವಾಯಿತು. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಇವರಿಗೆ ಚೀನೀ ಭಾಷೆ ಬರುತ್ತಿರಲಿಲ್ಲ, ಸ್ನೇಹಕ್ಕೆ ಅಡ್ಡಿಯಾಗಲಿಲ್ಲ. ಅವನ ಹಿಂದೆ ನಿಧಾನವಾಗಿ ಕೈ ಬೀಸುತ್ತ ವ್ಯಾಯಾಮ ಮಾಡುವ ಇಬ್ಬರು ಹೆಂಗಸರು, ಕುಂಟು ನಾಯಿಯನ್ನು ಕರೆತರುವ ಒಬ್ಬ ದಢೂತಿ ಮನುಷ್ಯ. ಇವರ ಬೆಳಗಿನ ಊರು ಅಷ್ಟೇ. ಒಬ್ಬರ ಹೆಸರೂ ಇವರಿಗೆ ಗೊತ್ತಿರಲಿಲ್ಲ.

ಆಮೇಲೆ ಕಾಯಿಲೆ. ದೊಡ್ಡ ಕರುಳಿನಲ್ಲಿ ಹುಟ್ಟಿ ಲಿವರಿಗೆ ಹಬ್ಬಿತ್ತು. ಅದರ ವಿವರ ಬರೆಯಲು ನನಗೆ ಮನಸ್ಸಿಲ್ಲ.

ಕೀಮೋ ಔಷಧದ ಕೊನೆಯ ಭಾಗವನ್ನು ಒಂದು ಪುಟ್ಟ ಬಾಟಲಿಯಲ್ಲಿ ತುಂಬಿ ಮನೆಗೆ ಕಳಿಸುತ್ತಾರೆ. ಒಳಗೊಂದು ಬಲೂನು ಇರುತ್ತದೆ. ಎರಡು ದಿನ ಅದು ಮೆಲ್ಲಗೆ ಕುಗ್ಗುತ್ತ, ಎದೆಗೆ ಚುಚ್ಚಿದ ಸಣ್ಣ ನಳಿಕೆಯ ಮೂಲಕ ಔಷಧವನ್ನು ಒಳಗೆ ಬಿಡುತ್ತದೆ. ಹೊರಗೆ ಚೆಲ್ಲಿದರೆ ಕೈಯಲ್ಲಿ ಮುಟ್ಟಬಾರದಂಥ ವಿಷ, ಚೆಲ್ಲಿದರೆ ಒರೆಸಲು ಬೇರೆ ಕೈಗವಸು, ಬೇರೆ ಚೀಲ ಕೊಟ್ಟಿರುತ್ತಾರೆ. ಬಾಟಲಿ ಇಟ್ಟುಕೊಳ್ಳಲು ಸೊಂಟದ ಚೀಲವೊಂದನ್ನೂ ಕೊಟ್ಟಿದ್ದರು. ಇವರು ಅದನ್ನು ಕಟ್ಟಿಕೊಂಡು ಹಾಲ್‌ನಲ್ಲಿ ನಾಲ್ಕು ಹೆಜ್ಜೆ ಹಾಕಿ ನಿಂತರು.

‘ಇದು ಕುಣಿತದೆ’ ಎಂದರು.

ನಾನು ಒಳಗೆ ಹೋಗಿ ಬಾಣಂತಿ ಬೆಲ್ಟು ತಂದೆ. ಎಲಾಸ್ಟಿಕ್ಕು ಸಡಿಲವಾಗಿತ್ತು, ಇವರೂ ತೆಳ್ಳಗಾಗಿದ್ದರು. ಎರಡೂ ಕಡೆ ಹಿಡಿದು ಹೊಲಿದೆ, ಜೇಬನ್ನು ಬಾಟಲಿಯ ಅಳತೆಗೆ ದೊಡ್ಡದು ಮಾಡಿದೆ, ನಳಿಕೆ ಮಡಿಚಿಕೊಳ್ಳದಂತೆ ಅದೇ ಸೂಟ್‌ಕೇಸಿನ ಚರ್ಮವನ್ನು ತಿರುಗಿಸಿ ಕೂರಿಸಿದೆ. ಇವರು ಪಕ್ಕದಲ್ಲಿ ಕೂತು ಹಳೆಯ ಪಾಠವನ್ನೇ ಹೇಳಿದರು. ಏನೂ ಒತ್ತಬಾರದು. ಬೆವರು ತಾಗಬಾರದು. ಮೇಲಿನ ಅಂಗಿ ದೊಡ್ಡದಿರಲಿ. ಮುಟ್ಟಿ ನೋಡಬಾರದು. ‘ಗೊತ್ತೈತಿ ಬಿಡ್ರಿ’ ಎಂದೆ, ಸಿಟ್ಟಿನಿಂದಲೇ ಎಂದೆ, ಇಲ್ಲದಿದ್ದರೆ ಸೂಜಿ ಕಾಣುತ್ತಿರಲಿಲ್ಲ.

ಬಾಟಲಿ ಇದ್ದಾಗ ನಡೆಯಿರಿ, ಓಡಬೇಡಿ ಎಂದು ನರ್ಸ್ ಹೇಳಿದ್ದಳು. ಇವರು ನಡಿಗೆಯೂ ಅಲ್ಲದ ಓಟವೂ ಅಲ್ಲದ ಒಂದನ್ನು ಕಂಡುಹಿಡಿದರು. ನಾನು ವರ್ಕ್ ಫ್ರಮ್ ಹೋಮ್ ತೆಗೆದುಕೊಂಡು, ನೀರಿನ ಬಾಟಲಿ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದು ಬಾರಿ ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಒಬ್ಬರೇ ಹೋಗಿ ಸುಸ್ತಾಗಿ ಕೂತುಬಿಟ್ಟಿದ್ದರಂತೆ. ಚಪ್ಪಾಳೆಯ ಮುದುಕ ತೋಳು ಹಿಡಿದು ಮನೆ ಬಾಗಿಲವರೆಗೆ ಕರೆತಂದ. ನಾನು ಒಳಗೆ ಕರೆದರೆ ಬರಲಿಲ್ಲ, ಸೊಂಟಕ್ಕೆ ಕೈಯಿಟ್ಟು ನಮಸ್ಕಾರ ಮಾಡಿ ಹೋದ.

ಚಳಿಗಾಲದ ಒಂದು ಬೆಳಿಗ್ಗೆ ರೈಲು ಸ್ಟೇಷನ್ನಿನ ಪಕ್ಕದ ರಸ್ತೆಯಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಒಬ್ಬ ಹುಡುಗ, ಒಬ್ಬಳು ಸ್ವಲ್ಪ ದೊಡ್ಡವಳು. ಅಲ್ಲಿ ಏನೋ ಗಲಾಟೆ ಆಗಿತ್ತಂತೆ. ಇವರು ಟೋಪಿಯ ಅಂಗಿ ಹಾಕಿಕೊಂಡು ಅರೆ ಓಟದಲ್ಲಿ ಬರುತ್ತಿದ್ದರು, ಬಲ ಸೊಂಟದಲ್ಲಿ ಉಬ್ಬು. ಹುಡುಗ ಕೈ ಅಡ್ಡ ಮಾಡಿ, ಒರಟಾಗೇನೂ ಅಲ್ಲ, ಅದರೊಳಗೆ ಏನಿದೆ ಎಂದು ಕೇಳಿದ. ಔಷಧದ ಮಂಪರು ಇವರ ತಲೆಯಲ್ಲಿ ಹೊಕ್ಕು ಹೊರಡುತ್ತಿದ್ದ ದಿನಗಳವು. ಇವರು ಸೆಟೆದು ನಿಂತರು. ಎರಡೂ ಕೈ ಭುಜದವರೆಗೆ ಎತ್ತಿದರು. ಮೈಸೂರಿನ ಚೆಕ್‌ಪೋಸ್ಟುಗಳಲ್ಲಿ ಹೇಳಿ ರೂಢಿಯಾಗಿದ್ದ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ‘ಸರ್, ನನ್ನ ಹತ್ತಿರ ಪಿಸ್ತೂಲಿದೆ. ಬಲಗಡೆ. ಲೈಸೆನ್ಸ್ ಇದೆ’ ಎಂದರು.

ಹುಡುಗನ ಮುಖದ ರಕ್ತ ಇಳಿದುಹೋಯಿತು. ಅವನ ಕೈ ಅವನ ಸೊಂಟಕ್ಕೆ ಹೋಯಿತು, ಅಲ್ಲಿ ಇದ್ದದ್ದು ಬಾಟಲಿಯಲ್ಲ.

‘ಅಯ್ಯೋ, ಔಷಧ ಐತ್ರೀ ಅದು! ಔಷಧ ಐತಿ!’ ನಾನು ಮೆಲ್ಬರ್ನಿನ ಪೊಲೀಸರಿಗೆ ಧಾರವಾಡದ ಕನ್ನಡದಲ್ಲಿ ಕಿರುಚುತ್ತಿದ್ದೆ. ಇಂಗ್ಲಿಷು ಬಾಯಿಗೆ ಬರಲು ಎಷ್ಟು ಹೊತ್ತಾಯಿತೋ. ಕೀಮೋ, ಕ್ಯಾನ್ಸರ್ ಎಂಬ ಎರಡು ಮಾತು ಕೇಳಿಸಿದ ಮೇಲೆ ಆ ಹೆಂಗಸು ಹುಡುಗನ ತೋಳಿನ ಮೇಲೆ ಕೈಯಿಟ್ಟಳು. ತಾನೇ ಮುಂದೆ ಬಂದು, ಇವರನ್ನು ಕೇಳಿ, ಅಂಗಿಯ ಅಂಚು ಎತ್ತಿ ನೋಡಿದಳು. ಬೆಲ್ಟು, ನಳಿಕೆ, ಮುಕ್ಕಾಲು ಕುಗ್ಗಿದ ಬಲೂನು. ‘ಓ ಮೇಟ್’ ಎಂದಳು ಅಷ್ಟೇ. ಇವರ ಕೈಗಳು ಇನ್ನೂ ಮೇಲೇ ಇದ್ದವು. ಅವಳೇ ಒಂದೊಂದಾಗಿ ಇಳಿಸಿದಳು. ಹುಡುಗನಿಗೆ ನನ್ನ ನೀರಿನ ಬಾಟಲಿ ಕೊಟ್ಟೆ, ಅವನು ಗಟಗಟ ಕುಡಿದ.

ದಾರಿಯಲ್ಲಿ ನಾನು ಬೈಯಬೇಕೆಂದುಕೊಂಡೆ. ‘ಏನ್ ಹೇಳಿದ್ರಿ ಅವ್ರಿಗೆ, ಗುಂಡು ಹೊಡ್ದಿದ್ರ ಏನ್ ಗತಿ?’ ಎಂದು ಶುರು ಮಾಡಿಯೂ ಇದ್ದೆ. ಇವರು ಗೋಡೆ ಹಿಡಿದು ನಿಂತರು.

‘ಮಾರಾಯ್ತಿ, ಅದು ಅಲ್ಲಿದೆ ಅಂತಲೇ ತಿಳಿದಿದ್ದೆ’ ಎಂದರು. ‘ನಾನು ಮೈಸೂರಲ್ಲಿದ್ದೆ. ನನಗೆ ಕಾಯಿಲೆ ಇರಲಿಲ್ಲ.’

ನಾನು ಇವರ ತೋಳು ಹಿಡಿದುಕೊಂಡೆ. ಆ ಕ್ಷಣದಲ್ಲಿ ಇವರು ಆರೋಗ್ಯವಾಗಿದ್ದರು, ನಾನು ಕಿರುಚಿ ವಾಪಸು ಕರೆದಿದ್ದೆ. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಊರಿಗೆ ಹೋಗಿಬಿಡೋಣ ಎಂದು ಯೋಚಿಸಿದ್ದೆವು. ಔಷಧ ಮುಗಿಯಲಿ ಎಂದೆವು, ಮುಗಿಯುವ ಹೊತ್ತಿಗೆ ವಿಮಾನ ಹತ್ತುವ ಸ್ಥಿತಿ ಇರಲಿಲ್ಲ. ಕೊನೆಯ ವಾರ ಮನೆಯಲ್ಲೇ ಹಾಸಿಗೆ ಹಾಕಿದೆವು, ಮಗಳು ಸಿಡ್ನಿಯಿಂದ ಬಂದಳು. ಇವರು ಒಮ್ಮೆ ಕಣ್ಣು ತೆರೆದು, ‘ಎರಡು’ ಎಂದರು. ನಾನು ‘ಆಗ್ತದ್ರೀ’ ಎಂದೆ. ಹೇಗೆ ಆಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಹೋದರು.

ಕೊಡಗಿಗೆ ಫೋನು ಮಾಡಿದೆ. ಭಾವನವರು ಫೋನು ಕಟ್ಟೆಯ ಮೇಲಿಟ್ಟು, ಅಂಗಳಕ್ಕೆ ಹೋಗಿ ಎರಡು ಗುಂಡು ಹಾರಿಸಿದರು. ಸ್ಪೀಕರಿನಲ್ಲಿ ಅದು ಡಬ್ಬಿ ಮುಚ್ಚಿದಷ್ಟು ಸದ್ದು ಮಾಡಿತು. ಆಮೇಲೆ ಹೇಳಿದರು, ಸುತ್ತಲಿನವರೆಲ್ಲ ಬಂದರಂತೆ, ಹೆಣವಿಲ್ಲದ ಮನೆಗೆ. ಇಲ್ಲಿ ಕಿಟಕಿಯ ಹೊರಗೆ ಟ್ರ್ಯಾಮ್ ಹೋಯಿತು, ಶಾಲೆಯ ಮಕ್ಕಳು ಹೋದರು. ಮಗಳು ಫೋನು ಹಿಡಿದು ನಿಂತಿದ್ದಳು. ‘ಅಮ್ಮಾ, ಐ ಕ್ಯಾನ್ ಪ್ಲೇ ದ ಸೌಂಡ್. ಬಾಲ್ಕನಿಯಿಂದ, ಲೌಡ್ ಆಗಿ.’ ಹಾಕಿಯೂ ಹಾಕಿದಳು. ಯಾವುದೋ ವಿಡಿಯೋ ಆಟದ ಗುಂಡಿನ ಸದ್ದು, ಅದರ ಮುಂದೆ ಒಂದು ಜಾಹೀರಾತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅದನ್ನು ನಿಲ್ಲಿಸಿದೆವು.

ನಮ್ಮವರು ಬರಲಿಲ್ಲ ಎಂದಲ್ಲ. ಮೆಸೇಜು ಹೋಗಿತ್ತು. ಉಡುಪಿ ಕಡೆಯ ಒಂದು ಕುಟುಂಬ ದಿನವೂ ಸಾರು ಅನ್ನ ತಂದಿಟ್ಟಿತು. ಆಫೀಸಿನವರು ಹೂ ಕಳಿಸಿದರು. ಚಿತಾಗಾರದಲ್ಲಿ ಎಲ್ಲರೂ ಇದ್ದರು. ಆದರೆ ಇಲ್ಲಿನ ಆಚೆ ಗುಡ್ಡದವನಿಗೆ ಗೊತ್ತಾಗಿರಲಿಲ್ಲ. ಅದು ನನ್ನನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಮಗಳು ಸಿಡ್ನಿಗೆ ಹೋದ ಮರುದಿನ ಬೆಳಿಗ್ಗೆ ನಾನು ಬಾಣಂತಿ ಬೆಲ್ಟು ಕಟ್ಟಿಕೊಂಡೆ. ಯಾಕೆಂದು ಹೇಳಲಾರೆ, ಏನನ್ನಾದರೂ ಬಿಗಿಯಾಗಿ ಕಟ್ಟಿಕೊಳ್ಳದೆ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಜೇಬಿನಲ್ಲಿ ಮನೆ ಬೀಗದ ಕೈ ಇತ್ತು. ಪಾರ್ಕಿನ ತಿರುವಿನಲ್ಲಿ ಪಟ್ ಪಟ್ ಸದ್ದು ಕೇಳಿತು. ಮುದುಕ ಹಿಮ್ಮುಖವಾಗಿ ಬರುತ್ತಿದ್ದವನು ತಿರುಗಿ ನನ್ನನ್ನು ಕಂಡ, ನನ್ನ ಹಿಂದೆ ನೋಡಿದ, ಇನ್ನೂ ಹಿಂದೆ ನೋಡಿದ. ಸೊಂಟಕ್ಕೆ ಕೈಯಿಟ್ಟು, ಎಲ್ಲಿ ಎಂಬಂತೆ ಹುಬ್ಬು ಎತ್ತಿದ.

ನಾನು ಅಂಗಿ ಸರಿಸಿ ಬೆಲ್ಟು ತೋರಿಸಿದೆ. ಚಪ್ಪಟೆಯಾದ ಜೇಬಿನ ಮೇಲೆ ಅಂಗೈ ಇಟ್ಟು, ತಲೆ ಅಲ್ಲಾಡಿಸಿದೆ.

ಅವನು ಹಾಗೇ ನಿಂತ. ಎತ್ತಿದ ಎರಡು ಕೈಗಳು ಕೂಡದೆ ಹಾಗೇ ಇಳಿದವು. ಎಲ್ಲರಂತೆ ಮುಂದಕ್ಕೆ ಮುಖ ಮಾಡಿಕೊಂಡು ಹೊರಟುಹೋದ. ಸದ್ದೇ ಇರಲಿಲ್ಲ. ನನಗೆ ಎಂಥ ನಿರಾಶೆ ಆಯಿತು ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತೆ. ನಾನು ಏನನ್ನು ನಿರೀಕ್ಷಿಸಿದ್ದೆನೋ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತೆ.

ಹತ್ತು ಗಂಟೆಯ ಹೊತ್ತಿಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಮುದುಕ ಬೇರೆ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ನಿಂತಿದ್ದ. ಅವನ ಹಿಂದೆ ಕೈ ಬೀಸುವ ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಮೆಟ್ಟಿಲ ಹತ್ತಿರ ದಢೂತಿ ಮನುಷ್ಯ, ಕುಂಟು ನಾಯಿಯನ್ನು ಎತ್ತಿಕೊಂಡು. ಎಲ್ಲರೂ ಆಗಲೇ ಚಪ್ಪಲಿ ಬಿಟ್ಟಿದ್ದರು.

‘ಬರ್ರಿ, ಒಳಗ ಬರ್ರಿ’ ಎಂದೆ. ಹೇಳುತ್ತಿದ್ದಂತೆ ದನಿ ಒಡೆಯಿತು, ಇವರು ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತೆ. ಮುದುಕ ನನ್ನ ತಲೆಯ ಮೇಲೆ ಕೈಯಿಟ್ಟ. ಸುದ್ದಿ ಇವರ ಬೆಳಗಿನ ಊರಿಗೆ ಮುಟ್ಟಿತ್ತು.